ಗುಬ್ಬಿಯ ಮಾತಿನ ಹಲಗೆ

ವಾಷಿಂಗ್ ಮಷೀನಿನ ಪಕ್ಕದ ಕಪಾಟಿನಲ್ಲಿ ನಮ್ಮ ಮನೆಯ ಸರ್ವರ್ ಇದೆ. ಮಷೀನು ಬಟ್ಟೆ ಹಿಂಡುವಾಗ ಅದೂ ಸ್ವಲ್ಪ ನಡುಗುತ್ತದೆ. ಯಜಮಾನರು ಹೊರಗೆ ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತಾರೆ. ಮನೆಗೆ ಬಂದರೆ ಅದರ ಮುಂದೆ ಕೂರುತ್ತಾರೆ. ಆ ಒಂದೇ ಪೆಟ್ಟಿಗೆಯೊಳಗೆ ಹಲವು ಕಂಪ್ಯೂಟರುಗಳು ಬೇರೆಬೇರೆಯಾಗಿ ಸಂಸಾರ ಮಾಡುತ್ತವೆ. ಅವನ್ನು ವರ್ಚುವಲ್ ಮಷೀನು ಅನ್ನುತ್ತಾರೆ. ಒಂದರಲ್ಲಿ ಫೋಟೋಗಳು, ಒಂದರಲ್ಲಿ ಹಳೆಯ ಸಿನಿಮಾಗಳು, ಇನ್ನೊಂದರಲ್ಲಿ ನಮ್ಮ ಮಗಳ ಮಾತು.

ಗುಬ್ಬಿಗೆ ಈಗ ಹನ್ನೆರಡು. ಕಿವಿ ಚುರುಕು, ತಲೆ ಅದಕ್ಕಿಂತ ಚುರುಕು. ಬಾಯಿಂದ ಮಾತು ಬರುವುದಿಲ್ಲ, ಅಕ್ಷರಗಳೂ ಅವಳಿಗೆ ಒಲಿಯಲಿಲ್ಲ. ಅವಳಿಗೆ ಐದು ತುಂಬಿದಾಗ ಅವರಪ್ಪ ಮಾತಿನ ಹಲಗೆಯೊಂದನ್ನು ಮಾಡಿಕೊಟ್ಟರು. ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಒತ್ತಿದರೆ ಮಾತು ಕೇಳುತ್ತದೆ; ಚಿತ್ರ, ಮಾತು ಎಲ್ಲ ಇರುವುದು ಸರ್ವರಿನಲ್ಲೇ. ದನಿಯೆಲ್ಲ ನನ್ನದು. ಕುಕ್ಕರ್ ಕೂಗದ, ನಲ್ಲಿ ಸುರಿಯದ ಹೊತ್ತು ನೋಡಿ ಒಂದೊಂದೇ ಮಾತು ಹೇಳಿ ಸೇರಿಸುತ್ತಾ ಬಂದಿದ್ದೆ. ಆದರೆ ಚಿತ್ರಕ್ಕೆ ಚಿತ್ರ ಜೋಡಿಸಿ ತನ್ನದೇ ಪುಟಗಳನ್ನು ಕಟ್ಟಿಕೊಳ್ಳುವುದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ‘ಅಪ್ಪ’, ‘ಫ್ಯಾನು’ ಎಂದರೆ ಅಪ್ಪ ಶುರು ಹಚ್ಚಿಕೊಂಡರು, ಇನ್ನು ನಿಲ್ಲಿಸುವುದಿಲ್ಲ ಎಂದು. ‘ಮಾವ’, ‘ಬಲೂನು’ ಎಂದರೆ ನನ್ನ ತಮ್ಮ ಬುರುಡೆ ಬಿಡುತ್ತಿದ್ದಾನೆ ಎಂದು. ಕೆಲವು ಪುಟಗಳನ್ನು ನಾನು ಹತ್ತಿರ ಹೋದರೆ ಅಂಗೈಯಿಂದ ಮುಚ್ಚುತ್ತಿದ್ದಳು. ಆ ವಯಸ್ಸಿನ ಹುಡುಗಿ, ಇರಲಿ ಎಂದು ನಾನೂ ಕಣ್ಣು ತಿರುಗಿಸುತ್ತಿದ್ದೆ.

ಈ ಮಷೀನುಗಳನ್ನೆಲ್ಲ ಹೊತ್ತುಕೊಂಡಿದ್ದ ಹಳೆಯ ತಂತ್ರಾಂಶಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲವಂತೆ. ಎಲ್ಲವನ್ನೂ ಬೇರೊಂದಕ್ಕೆ ಸಾಗಿಸಲು ಯಜಮಾನರು ಶನಿವಾರ ಬೆಳಿಗ್ಗೆ ಕೂತರು. ಗುಬ್ಬಿ ಟ್ಯಾಬ್ಲೆಟ್ಟನ್ನು ಮನೆಯಲ್ಲೇ ಬಿಟ್ಟು ಈಜು ಕಲಿಯಲು ಹೋಗಿದ್ದಳು. ಅವರು ಒಂದೊಂದು ಮಷೀನಿನ ಡಿಸ್ಕ್ ಫೈಲನ್ನೂ ಹೊರಗಿನ ಡ್ರೈವಿಗೆ ನಕಲು ಮಾಡಿ, ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದರು.

“ರೀ, ಅವಳು ಬರಲಿ. ಒಂದ್ಸಲ ಅವಳೇ ಒತ್ತಿ ನೋಡಲಿ. ಆಮೇಲೆ ಹಳೇದು ಅಳಿಸಿ,” ಎಂದೆ.

“ಅವಳು ಬರೋಷ್ಟರಲ್ಲಿ ಮುಗಿಸಬೇಕು ಅಂತ ತಾನೆ ಬೆಳಿಗ್ಗೆಯಿಂದ ಒದ್ದಾಡ್ತಿರೋದು? ನೋಡು, ನಿನ್ನೆದುರಿಗೇ ಒತ್ತುತೀನಿ.”

ಒತ್ತಿದರು. “ಅಪ್ಪ” ಎಂದಿತು ನನ್ನ ದನಿ.

“ಇನ್ನೊಂದೆರಡು ಒತ್ತಿ ನೋಡ್ರೀ.”

“ಅಪ್ಪ ಇದ್ದಮೇಲೆ ಎಲ್ಲಾ ಇದ್ದ ಹಾಗೆ ಕಣೇ!” ನಕ್ಕರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾನು ಓಡಿದೆ. ಹಿಂದಿರುಗುವಷ್ಟರಲ್ಲಿ ಸರ್ವರಿನ ಡಿಸ್ಕುಗಳನ್ನು ಅಳಿಸಿ ಹೊಸದನ್ನು ತುಂಬಿಸುತ್ತಿದ್ದರು.

ಗುಬ್ಬಿ ಒದ್ದೆ ಕೂದಲಲ್ಲೇ ಬಂದು ಟ್ಯಾಬ್ಲೆಟ್ ಎತ್ತಿಕೊಂಡಳು. ದೊಡ್ಡ ದೊಡ್ಡ ಚಿತ್ರಗಳು. ಹಾಲು, ಚೆಂಡು, ನಿದ್ದೆ. ಪುಟ ತಿರುಗಿಸಲು ಬೆರಳಾಡಿಸಿದಳು. ತಿರುಗಲು ಇನ್ನೊಂದು ಪುಟವೇ ಇರಲಿಲ್ಲ. ಟ್ಯಾಬ್ಲೆಟ್ಟನ್ನು ಮಗುಚಿ ಹಿಂಭಾಗ ನೋಡಿದಳು. ಆಮೇಲೆ ನನ್ನನ್ನು.

ಮಧ್ಯಾಹ್ನ ನನ್ನ ತಮ್ಮ ಬಂದ. ಅವನ ಕೆಲಸವೇ ಸರ್ವರುಗಳದ್ದು.

“ಭಾವ, ಸ್ನ್ಯಾಪ್‌ಶಾಟ್ ಇಟ್ಟಿದ್ರಾ?”

“ಇಡದೆ ಇರ್ತೀನಾ? ಹಲಗೆ ಮಾಡಿದಾಗಿಂದ ಏನೇ ಬದಲಾಯಿಸೋಕೆ ಮುಂಚೆ, ಆಗಿದ್ದದ್ದು ಇದ್ದಹಾಗೇ ಉಳಿಯಲಿ ಅಂತ ಒಂದು ಇಡ್ತಿದ್ದೆ. ಕೆಟ್ಟರೆ ಹಿಂದಕ್ಕೆ ಹೋಗಬಹುದಲ್ಲ.”

“ಯಾವತ್ತಾದ್ರೂ ಅವನ್ನೆಲ್ಲ ಸೇರಿಸಿ ಒಂದು ಮಾಡಿದ್ರಾ?”

“ಯಾಕೆ ಮಾಡಬೇಕು?”

ತಮ್ಮ ಕುರ್ಚಿ ಎಳೆದುಕೊಂಡು ಕೂತ. “ಮೊದಲನೇ ಸ್ನ್ಯಾಪ್‌ಶಾಟ್ ಇಟ್ಟ ದಿನವೇ ಆ ದೊಡ್ಡ ಫೈಲ್ ಅಲ್ಲಿಗೇ ನಿಂತುಹೋಯ್ತು. ಆಮೇಲಿಂದೆಲ್ಲ ಪಕ್ಕದ ಸಣ್ಣ ಫೈಲುಗಳಿಗೆ ಹೋಗ್ತಿತ್ತು. ನೀವು ದೊಡ್ಡದನ್ನ ಮಾತ್ರ ತಂದಿದೀರಿ. ಐದು ವರ್ಷದ ಗುಬ್ಬಿನ ಸಾಗಿಸಿದೀರಿ, ಭಾವ.”

“ಆ ಸಣ್ಣವು...”

“ಅಳಿಸಿ ಮೇಲೆ ಬರೆದಾಗಿದೆ. ಬ್ಯಾಕಪ್ ಎಲ್ಲಿ?”

“ಸ್ನ್ಯಾಪ್‌ಶಾಟ್ ಅಂದ್ರೆ ಬ್ಯಾಕಪ್ಪೇ ಅಲ್ವೇನೋ?”

“ಅಲ್ಲ ಭಾವ,” ಎಂದ ತಮ್ಮ. ಯಜಮಾನರು ಸ್ವಲ್ಪ ಹೊತ್ತು ಕೀಲಿಮಣೆಯ ಧೂಳು ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, “ನೀನ್ಯಾಕೆ ಮುಖ ಹಾಗೆ ಮಾಡ್ತೀಯ? ನಿನ್ನ ದನಿ ಎಲ್ಲಿಗೂ ಹೋಗಿಲ್ವಲ್ಲ. ಮತ್ತೆ ಹೇಳು, ಹಾಕಿಕೊಡ್ತೀನಿ,” ಎಂದರು.

ಹೇಳಿದೆ. ಪಾತ್ರೆ ತೊಳೆದು, ಬಟ್ಟೆ ಮಡಚಿ, ಮಧ್ಯೆ ಮಧ್ಯೆ ಕೂತು ನೆನಪಿದ್ದಷ್ಟನ್ನೂ ಹೇಳಿದೆ. ಫ್ಯಾನು ಬಂತು, ಬಲೂನು ಬಂತು. ಮುಂದೆ ನನಗೆ ದಾರಿ ತಿಳಿಯಲಿಲ್ಲ. “ಇದಾ ಚಿನ್ನ? ಅದಾ?” ಎಂದು ಒಂದೊಂದೇ ಕೇಳಿದೆ. ಅವಳು ಅಲ್ಲವೆಂದು ತಲೆಯಾಡಿಸುತ್ತಲೇ ಹೋದಳು. ಯಾವ ಮಾತು ಹೋಗಿದೆಯೆಂದು ಹೇಳಲು ಅವಳಿಗೆ ಆ ಮಾತೇ ಬೇಕಿತ್ತು. ಅಂಗೈಯಿಂದ ಮುಚ್ಚುತ್ತಿದ್ದ ಪುಟಗಳ ಬಗ್ಗೆ ಕೇಳಿದಾಗ ತಲೆಯನ್ನೂ ಆಡಿಸಲಿಲ್ಲ. ಗೋಡೆಯ ಕಡೆ ತಿರುಗಿದಳು. ಆ ಪುಟಗಳಲ್ಲಿ ಯಾರಿದ್ದರೋ, ನನ್ನನ್ನು ಏನೆಂದು ಬೈದುಕೊಂಡಿದ್ದಳೋ, ನನಗೆ ತಿಳಿದಿದ್ದರೆ ನನ್ನ ಬಾಯಿಂದಲೇ ಹೇಳಿ ಅವಳಿಗೆ ಹಿಂದಿರುಗಿಸುತ್ತಿದ್ದೆ.

ಭಾನುವಾರ ಸಂಜೆ ಯಜಮಾನರು ಅವಳ ಪಕ್ಕ ಬಂದು ಕೂತರು.

“ಕೋಪಾನಾ ಪುಟ್ಟಾ ಅಪ್ಪನ ಮೇಲೆ? ಏನು ಬೇಕು ಹೇಳು.”

ಗುಬ್ಬಿ ಹಲಗೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು. ಮತ್ತೆ ನೋಡಿದಳು. ಕೊನೆಗೆ ಮೂಲೆಯ ಒಂದು ಚಿತ್ರ ಒತ್ತಿದಳು.

“ಜೋಕಾಲಿ” ಎಂದಿತು ಹಲಗೆ. ನನ್ನದೇ ದನಿ, ಎಳೆ ಮಗುವಿನೊಡನೆ ಮಾತಾಡುವ ಆಗಿನ ದನಿ.

“ಜೋಕಾಲಿನಾ! ಅಷ್ಟೇನಾ! ಬಾ, ಹೋಗೋಣ,” ಎಂದು ಎದ್ದೇಬಿಟ್ಟರು.

ಅವಳು ಜೋಕಾಲಿ ಹತ್ತುವುದನ್ನು ಬಿಟ್ಟು ಯಾವ ಕಾಲವಾಯಿತೋ. ಅದನ್ನು ಏಕೆ ಒತ್ತಿದಳೆಂದು ನನಗೂ ಗೊತ್ತಾಗಲಿಲ್ಲ. ಅವಳು ನನ್ನತ್ತ ನೋಡಿದಳು. ನಾನು ಬಾಯಿ ತೆರೆದೆ. ಅವಳ ಪರವಾಗಿ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಅಪ್ಪನ ಹಿಂದೆ ಹೊರಟಳು.

ಬಾಲ್ಕನಿಯಿಂದ ಪಾರ್ಕು ಕಾಣುತ್ತದೆ. ಚಿಕ್ಕ ಮಕ್ಕಳ ನಡುವೆ ಗುಬ್ಬಿ ಜೋಕಾಲಿಯ ಮೇಲೆ ಕೂತಿದ್ದಳು. ನೆಲಕ್ಕೆ ತಾಗದಂತೆ ಮೊಣಕಾಲುಗಳನ್ನು ಮಡಚಿಕೊಂಡಿದ್ದಳು. ಅವರಪ್ಪ ಹಿಂದಿನಿಂದ ಜೋರಾಗಿ ತೂಗುತ್ತಾ, ನನ್ನ ಕಡೆ ನೋಡಿ ಕೈ ಬೀಸಿದರು.