ಬಲಸೆರಗಿನ ಯುಕಾತಾ

ಅರಬ್ಬರ ನಾಡಿನ ಅಭಾ ಎಂಬ ಬೆಟ್ಟದೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್ ಆಗಿರುವ ಪುಷ್ಪಾವತಿಗೆ ರಜೆ ಸಿಗುವುದೇ ಅಪರೂಪ. ಸಿಕ್ಕ ಐದು ದಿನ ಕಳೆಯಲು ವಿಮಾನ ಹತ್ತಿ, ಅದೇ ದೇಶದ ಕಡಲ ಬದಿಯ ಊರು ಖೋಬರಿನ ಗೆಳತಿ ಝೈಬುನ್ನಿಸಾಳ ಮನೆಗೆ ಬಂದಿದ್ದಳು. ಇವಳು ಕುಂದಾಪುರದ ಕಡೆಯವಳು, ಅವಳು ಭಟ್ಕಳದವಳು. ಹಿಂದೊಮ್ಮೆ ಝೈಬುನ್ನಿಸಾ ಅಭಾದಲ್ಲಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ ಕದ್ದು ಹುರಿದ ಮೀನು ತರಿಸಿ ತಿನ್ನುತ್ತಿದ್ದಳು. ಪುಷ್ಪಾವತಿ ತಿನ್ನುವಾಗಲೇ ಹಿಡಿದು, ಬಾಯ್ತುಂಬ ಬೈದು, ಉಳಿದ ಮೀನನ್ನು ತಾನೇ ತಿಂದು ಮುಗಿಸಿದ್ದಳು. ಅಂದಿನಿಂದ ಗೆಳೆತನ.

"ಸಂಜೆ ಜಪಾನಿನವರ ಹಬ್ಬ ಉಂಟು. ಅವರಿಗೆ ಕಲ್ಲಂಗಡಿ ನಮ್ಮ ಅಂಗಡಿಯಿಂದಲೇ ಹೋಗುದು. ನೀನೂ ಬಾ" ಎಂದಳು ಝೈಬುನ್ನಿಸಾ.

"ಎಂತ ಹಬ್ಬ?"

"ಬೇಸಗೆ ಹಬ್ಬವಂತೆ."

"ಈ ಸೆಖೆಗೂ ಒಂದು ಹಬ್ಬವಾ ಮಾರಾಯ್ತಿ?"

ಅಭಾದ ಬೆಟ್ಟದ ತಂಪಿಗೆ ಒಗ್ಗಿಹೋಗಿದ್ದ ಪುಷ್ಪಾವತಿಗೆ ಆಗಸ್ಟಿನ ಖೋಬರ್ ಎಂದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಆದರೂ ಹೊರಟಳು. ವ್ಯಾನು ಓಡಿಸಿದ್ದು ಝೈಬುನ್ನಿಸಾ. ಐವತ್ತು ದಾಟಿದ ಮೇಲೆ ಕಲಿತ ಡ್ರೈವಿಂಗು, ಹಿಂದೆ ಹನ್ನೆರಡು ಕಲ್ಲಂಗಡಿ ಉರುಳಾಡುತ್ತಿದ್ದವು.

ಜಪಾನಿ ಕಂಪನಿಯವರ ಕಾಂಪೌಂಡಿನೊಳಗೆ ಟೆನಿಸ್ ಅಂಗಳದ ಸುತ್ತ ಖರ್ಜೂರದ ಮರಗಳಿಗೆ ಕಾಗದದ ದೀಪಗಳನ್ನು ತೂಗುಬಿಟ್ಟಿದ್ದರು. ಮೂಲೆಮೂಲೆಯಲ್ಲಿ ದೊಡ್ಡ ಫ್ಯಾನುಗಳು. ಒಂದು ಕಡೆ ನೀರಿನ ತೊಟ್ಟಿಯಲ್ಲಿ ಚಿನ್ನದ ಬಣ್ಣದ ಮೀನುಗಳು. ಅವನ್ನು ತೆಳು ಕಾಗದದ ಸೌಟಿನಿಂದ ಹಿಡಿಯಬೇಕಂತೆ. ಸೌಟು ನೀರಿಗಿಟ್ಟ ಗಳಿಗೆಯಲ್ಲೇ ಹರಿಯುತ್ತಿತ್ತು. ಎಲ್ಲರೂ ಮೀನು ತಪ್ಪಿಸಿಕೊಂಡದ್ದಕ್ಕೇ ಚಪ್ಪಾಳೆ ತಟ್ಟುತ್ತಿದ್ದರು. ಮೀನು ಸಿಗದಿದ್ದರೂ ಖುಷಿಪಡುವ ಜನರನ್ನು ಪುಷ್ಪಾವತಿ ಹುಟ್ಟಿದ ಮೇಲೆ ನೋಡಿರಲಿಲ್ಲ.

ಬಾಗಿಲ ಬಳಿ ಯುಕಾತಾಗಳನ್ನು ಸಾಲಾಗಿ ನೇತುಹಾಕಿದ್ದರು. ಹತ್ತಿಯ ತೆಳು ನಿಲುವಂಗಿ. ಬಂದವರು ಯಾರು ಬೇಕಾದರೂ ಉಡಬಹುದಿತ್ತು. ಪುಷ್ಪಾವತಿ ನೀಲಿ ಹೂವಿನದೊಂದನ್ನು ಆರಿಸಿ ಚೂಡಿದಾರದ ಮೇಲೆಯೇ ಸುತ್ತಿಕೊಂಡಳು. ಸೀರೆ ಉಟ್ಟ ಕೈ. ಸೆರಗು ಬರುವ ಹಾಗೆ ಬಲಗಡೆಯ ಅಂಚನ್ನೇ ಮೇಲೆ ತಂದು ಸೊಂಟಪಟ್ಟಿ ಬಿಗಿದಳು.

ಸ್ವಲ್ಪ ಹೊತ್ತಿನಲ್ಲಿ ಬಟ್ಟೆ ನೋಡಿಕೊಳ್ಳುತ್ತಿದ್ದ ಸಚಿಕೊ ಎಂಬಾಕೆ ಓಡಿಬಂದು ಝೈಬುನ್ನಿಸಾಳ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದಳು. ಝೈಬುನ್ನಿಸಾಳ ಹುಬ್ಬು ಮೇಲಕ್ಕೇರಿತು. "ನಾನೇ ಹೇಳ್ತೇನೆ, ನೀವು ಚಿಂತೆ ಮಾಡ್ಬೇಡಿ" ಎಂದು ಆಕೆಯನ್ನು ಕಳಿಸಿಬಿಟ್ಟಳು.

"ಎಂತ ಅಂತೆ?"

"ನಿನಗೆ ನೀಲಿ ಒಪ್ತದಂತೆ."

ಆಮೇಲೆ ವಿಚಿತ್ರ ಶುರುವಾಯಿತು. ಪುಷ್ಪಾವತಿ ಹೋದಲ್ಲೆಲ್ಲ ಜನ ದಾರಿ ಬಿಟ್ಟರು, ತಲೆ ತಗ್ಗಿಸಿದರು. ನೂಡಲ್ಸಿನ ಸಾಲಿನಲ್ಲಿ ನಿಂತರೆ ಮುಂದಿನ ನಾಲ್ಕು ಜನ ಸರಿದು ಜಾಗ ಕೊಟ್ಟರು. ಐಸ್ ಹೆರೆದು ಕೊಡುತ್ತಿದ್ದ ಮುದುಕ ಕಣ್ಣೆತ್ತಿ ನೋಡದೆ ಎರಡು ಬಟ್ಟಲು ಮುಂದೆ ನೂಕಿದ.

"ನೋಡಿದ್ಯಾ ಝೈಬು, ಎಂತ ಮರ್ಯಾದೆ! ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರಿಗೂ ಇಷ್ಟು ಮರ್ಯಾದೆ ಇಲ್ಲ."

"ಹೌದೌದು. ಆ ಸುಟ್ಟ ಜೋಳದ ಹತ್ತಿರಾನೂ ಒಮ್ಮೆ ಹೋಗುವ" ಎಂದಳು ಝೈಬುನ್ನಿಸಾ, ಎರಡನೇ ಬಟ್ಟಲು ಐಸನ್ನು ಬಾಯಿಗೆ ಸುರಿದುಕೊಳ್ಳುತ್ತ.

ಜೋಳದ ಅಂಗಡಿಯ ಎದುರು ಹಬ್ಬದ ಹಿರಿಯ ಮೊರಿತಾ ಸಿಕ್ಕಿದರು. ಅವರು ಮೂರು ಸಲ ಬಗ್ಗಿ, ಎರಡು ಸಲ ಗಂಟಲು ಸರಿಮಾಡಿಕೊಂಡು, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು: "ಅಮ್ಮಾ, ದಯವಿಟ್ಟು ಕ್ಷಮಿಸಿ. ಬದುಕಿರುವವರು ಎಡ ಅಂಚನ್ನು ಮೇಲೆ ತರುತ್ತಾರೆ. ಬಲ ಅಂಚು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ. ಅದೂ ತೀರಿಕೊಂಡವರು ಈ ದಿನಗಳಲ್ಲಿ ಮನೆಗೆ ಬರುತ್ತಾರೆಂದು ನಮ್ಮ ನಂಬಿಕೆ. ಹಾಗಾಗಿ ಜನ ಸ್ವಲ್ಪ..."

"ಹೆದರಿದ್ರಾ?"

"ಹೇಗೆ ಹೇಳುವುದೆಂದು ತಿಳಿಯಲಿಲ್ಲ. ನಿಮ್ಮ ಗೆಳತಿಗೆ ಆಗಲೇ ತಿಳಿಸಿದ್ದೆವಲ್ಲ."

ಪುಷ್ಪಾವತಿ ಮೆಲ್ಲಗೆ ತಿರುಗಿದಳು. ಝೈಬುನ್ನಿಸಾ ಜೋಳದ ಕಾಳುಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

"ಐಸ್ ರುಚಿ ಇತ್ತಾ ಝೈಬು?"

"ಸಾಲು ಎಷ್ಟು ಉದ್ದ ಇತ್ತು ಪುಷ್ಪಾ, ನೀನೇ ನೋಡಿದ್ಯಲ್ಲ..."

ಪುಷ್ಪಾವತಿ ನೆಟ್ಟಗೆ, ಕಣ್ಣು ಕಟ್ಟಿಕೊಂಡು ಕಲ್ಲಂಗಡಿ ಒಡೆಯುವ ಆಟದ ಜಾಗಕ್ಕೆ ಹೋಗಿ ಕೋಲು ಕೇಳಿ ತೆಗೆದುಕೊಂಡಳು. ಕಣ್ಣಿನ ಪಟ್ಟಿಯನ್ನು ಬೇರೆಯವರ ಕೈಗೆ ಕೊಡದೆ ತಾನೇ ಕಟ್ಟಿಕೊಂಡಳು. ಇಪ್ಪತ್ತೆರಡು ವರ್ಷ ಬ್ಯಾಂಡೇಜು ಕಟ್ಟಿದವಳಿಗೆ ಪಟ್ಟಿಯ ಕೆಳಗೆ ಒಂದು ಸಂದಿ ಬಿಟ್ಟುಕೊಳ್ಳುವುದು ಯಾವ ಲೆಕ್ಕ?

ಜನ ತಮ್ಮ ಭಾಷೆಯಲ್ಲಿ ದಿಕ್ಕು ಹೇಳಿ ಕೂಗತೊಡಗಿದರು. ಝೈಬುನ್ನಿಸಾಳಿಗೂ ಹುರುಪು ಬಂತು: "ಎಡಕ್ಕೆ ಪುಷ್ಪಾ! ಎಡಕ್ಕೆ!"

ಪುಷ್ಪಾವತಿ ಕೋಲೆತ್ತಿ ಸೀದಾ ಆ ದನಿಯ ಕಡೆಗೇ ನಡೆದಳು.

"ಹಣ್ಣು ಆಚೆ ಉಂಟು! ನಾನು ಇಲ್ಲಿದ್ದೇನೆ!"

"ಸತ್ತವಳಿಗೆ ಕಣ್ಣು ಕಾಣ್ತದಾ ಝೈಬು?"

"ಯಾ ಅಲ್ಲಾ, ಇವಳಿಗೆ ಕಾಣ್ತದೆ!" ಎಂದು ಚೀರುತ್ತ ಝೈಬುನ್ನಿಸಾ ಹಿಂದೆ ಹಿಂದೆ ಸರಿದಳು. ಸರಿಯುತ್ತ ಸರಿಯುತ್ತ ಮೀನಿನ ತೊಟ್ಟಿಯಲ್ಲಿ ದೊಪ್ಪೆಂದು ಕೂತಳು. ನೀರು ಚಿಮ್ಮಿತು, ಮೀನುಗಳು ಅಂಗಳದ ತುಂಬ ಚದುರಿದವು. ಮೊರಿತಾ ಓಡಿಬಂದು ಮೊದಲು ಮೀನುಗಳನ್ನೆಲ್ಲ ಒಂದೊಂದಾಗಿ ಬೊಗಸೆಯಲ್ಲಿ ಹಿಡಿದು ಬಕೆಟ್ಟಿಗೆ ಬಿಟ್ಟರು. ಆಮೇಲೆ ಝೈಬುನ್ನಿಸಾಳಿಗೆ ಬಗ್ಗಿ ನಮಸ್ಕರಿಸಿ ಕೈಕೊಟ್ಟು ಎಬ್ಬಿಸಿದರು. ಅಷ್ಟು ಹೊತ್ತು ದೂರ ಸರಿಯುತ್ತಿದ್ದ ಜನವೆಲ್ಲ ಒಮ್ಮೆಲೇ ನಕ್ಕುಬಿಟ್ಟರು. ಐಸಿನ ಮುದುಕನಂತೂ ಕಣ್ಣೊರೆಸಿಕೊಂಡ.

ಮೇಲೆ ತೊಟ್ಟ ಕಪ್ಪು ಅಬಾಯಾ ನೆನೆದು ತೊಪ್ಪೆಯಾಗಿದ್ದ ಝೈಬುನ್ನಿಸಾಳಿಗೂ ಒಂದು ಯುಕಾತಾ ಕೊಟ್ಟರು. "ನಾನು ಉಡಿಸ್ತೇನೆ ಬಾ" ಎಂದು ಪುಷ್ಪಾವತಿ ಕರೆದರೆ ಅವಳು ಸಚಿಕೊಳ ಬೆನ್ನಹಿಂದೆ ಅಡಗಿದಳು. ಸಚಿಕೊ ಇಬ್ಬರಿಗೂ ಎಡ ಅಂಚು ಮೇಲೆ ಬರುವಂತೆ ಉಡಿಸಿದಳು.

ಆಗ ಡೋಲು ಮೊಳಗಿ ಕುಣಿತ ಶುರುವಾಯಿತು. ಎಲ್ಲರೂ ವೃತ್ತದಲ್ಲಿ ನಡೆಯುತ್ತ ಕೈಗಳನ್ನು ಮೆಲ್ಲಗೆ ಮೇಲೆತ್ತಿ ಇಳಿಸುತ್ತಿದ್ದರು. ಬಂದುಹೋಗುವ ಹಿರಿಯರಿಗಾಗಿ ಈ ಕುಣಿತ ಎಂದು ಸಚಿಕೊ ಹೇಳಿದಳು. ಪುಷ್ಪಾವತಿಯ ಕೈಯಲ್ಲಿ ಎಷ್ಟೋ ಜನ ಕೊನೆಯುಸಿರು ಬಿಟ್ಟಿದ್ದರು. ಅವರಿಗೆ ಬಿಳಿ ಬಟ್ಟೆ ಹೊದಿಸಿ, ಕಾಗದಕ್ಕೆ ಸಹಿ ಹಾಕಿ, ಮುಂದಿನ ಹಾಸಿಗೆಗೆ ಹೋಗುವುದಷ್ಟೇ ಅವಳಿಗೆ ರೂಢಿ. ಅವರಿಗಾಗಿ ಕುಣಿಯಲೂಬಹುದು ಎಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

"ಯಾರನ್ನು ನೆನಸ್ತಾ ಇದ್ದೀ?" ಪಕ್ಕದಿಂದ ಝೈಬುನ್ನಿಸಾ ಕೇಳಿದಳು.

"ಅಬ್ದುಲ್ ಖಾದಿರ್ ಅಂತ ಒಬ್ರು ಅಜ್ಜ ಇದ್ರು ನಮ್ಮ ವಾರ್ಡಿನಲ್ಲಿ. ಸಕ್ಕರೆ ಕಾಯಿಲೆ. ದಿಂಬಿನಡಿಯಲ್ಲಿ ಖರ್ಜೂರ ಅಡಗಿಸಿಡ್ತಿದ್ರು. ನಾನು ಹಿಡಿದ್ರೆ, ಅದು ದಿಂಬಿನ ಹತ್ತಿಬೀಜ ಅಂತಿದ್ರು."

"ಒಳ್ಳೆ ಮನುಷ್ಯ. ಹಾಗಾದ್ರೆ ಕೈ ಇನ್ನೂ ಸ್ವಲ್ಪ ಮೇಲೆತ್ತು, ಅವರಿಗೆ ಕಾಣಲಿ."

ಪುಷ್ಪಾವತಿ ಕೈಯನ್ನು ಮೇಲೆತ್ತಿದಳು. ಎತ್ತಿದ ಭರಕ್ಕೆ ಹೆಜ್ಜೆ ತಪ್ಪಿ, ಎಲ್ಲರೂ ಮುಂದೆ ಹೋಗುವಾಗ ತಾನೊಬ್ಬಳೇ ಹಿಂದೆ ತಿರುಗಿ ಮೊರಿತಾ ಅವರ ಎದೆಗೆ ಡಿಕ್ಕಿ ಹೊಡೆದಳು. ಈ ಸಲ ಮೊದಲು ಬಗ್ಗಿ ಕ್ಷಮೆ ಕೇಳಿದವಳು ಅವಳೇ.