ಬಾಯಿಪಾಠದ ಕಲಮುಗಳು

ಭಾನುವಾರ ಮಗಳು ವಿದ್ಯಾವತಿ ಅಭ್ಯಾಸದ ಪ್ರಶ್ನೆಪತ್ರಿಕೆ ಬರೆದು ಮುಗಿಸಿದರೆ ಉತ್ತರ ತಾಳೆ ನೋಡುವ ಕೆಲಸ ನನ್ನದು. ಅವಳು ತಾನು ಬರೆದದ್ದನ್ನು ಓದುತ್ತಾಳೆ. ನಾನು ಸರಿಯುತ್ತರಗಳ ಹಾಳೆಯನ್ನು ಮುಂದೆ ಹಾಸಿಕೊಂಡು, ಪುಂಡಿಪಲ್ಯದ ಎಲೆ ಬಿಡಿಸುತ್ತಾ, ಹೌದು ಅಥವಾ ಅಲ್ಲ ಎನ್ನುತ್ತೇನೆ.

ಆ ಒಂದು ಭಾನುವಾರ 'ಅಲ್ಲ' ಎನ್ನುವುದೇ ಹೆಚ್ಚಾಯಿತು.

ವಕೀಲಿ ಓದಿದವರಿಗೆ ಮೊದಲು ಸಿಗುವುದು ತಾತ್ಕಾಲಿಕ ಸನ್ನದು. ಅದರ ಅವಧಿ ಮುಗಿಯುವುದರೊಳಗೆ ಬಾರ್ ಪರೀಕ್ಷೆ ಪಾಸಾಗಬೇಕು. ನನ್ನ ಮಗಳು ಹೋದ ಸಲ ಫೇಲಾಗಿದ್ದಳು. ಅವಳಿಗೆ ಉಳಿದದ್ದು ಇದೊಂದೇ ಪರೀಕ್ಷೆ. ಇದೂ ಹೋದರೆ, ನರೋಣಾದಿಂದ ದಿನಾ ಬಸ್ಸಿನಲ್ಲಿ ಆಳಂದ ಕೋರ್ಟಿಗೆ ಹೋಗಿ ಮಸೂದ ವಕೀಲರ ಕೈಕೆಳಗೆ ಕೆಲಸ ಮಾಡುವವಳು ಕರಿಕೋಟನ್ನು ಮಡಚಿ ಟ್ರಂಕಿನಲ್ಲಿ ಇಡಬೇಕಾಗುತ್ತದೆ.

ಪರೀಕ್ಷೆಯಲ್ಲಿ ಕಾನೂನಿನ ಪುಸ್ತಕ ನೋಡಿ ಬರೆಯಬಹುದು, ಅದರಲ್ಲಿ ಕೈಬರಹ ಇರಬಾರದು ಅಷ್ಟೇ. ಅದಕ್ಕೇ ನನ್ನ ಯಜಮಾನರು ಜಗದೇವಪ್ಪ ಹೊರಸಿನ ಮೇಲೆ ಕೂತು, "ಪುಸ್ತಕ ನೋಡಿ ಬರಿ ಅಂದಿದ್ರ ನಾನೂ ಜಡ್ಜ್ ಆಗಿರ್ತಿದ್ದೆ" ಎಂದರು. ನಾನು ತಿರುಗಿ ನೋಡಿದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದರು.

ವಿದ್ಯಾ ಪತ್ರಿಕೆ ಮುಚ್ಚಿದಳು. ಮುಚ್ಚಬೇಡ, ತಪ್ಪು ಎಲ್ಲೆಲ್ಲಿ ಬಿದ್ದಾವೆ ತೋರಿಸು ಎಂದೆ. ನನಗೆ ಕಾನೂನು ಗೊತ್ತಿಲ್ಲ. ಆದರೆ ಮಗು ಅತ್ತರೆ ಎಲ್ಲಿ ನೋಯುತ್ತಿದೆ ಅಂತ ಮೊದಲು ಮುಟ್ಟಿ ನೋಡುತ್ತೇವಲ್ಲ.

ಅವಳು ಒಂದೊಂದೇ ವಿಷಯ ಬೇರೆ ಮಾಡಿದಳು. ತೆರಿಗೆ, ಕಂಪನಿ, ಸಂವಿಧಾನ ಎಂದರೆ ಅವಳಿಗೆ ಅಂಜಿಕೆ. ಅಲ್ಲಿ ತಪ್ಪು ಬಹಳ ಕಡಿಮೆ. ತಪ್ಪೆಲ್ಲ ಕೊಲೆ, ಕಳವು, ಮೋಸದ ಪ್ರಶ್ನೆಗಳಲ್ಲಿ ಗುಡ್ಡೆಬಿದ್ದಿದ್ದವು. ಕೋರ್ಟಿನಲ್ಲಿ ಅವಳು ದಿನವೂ ಮಾಡುವ ಕೆಲಸವೇ ಅದು.

"ಇವು ನನಗ ಬಾಯಿಪಾಠ ಅದಾವವ್ವಾ. ಇವಕ್ಕ ಪುಸ್ತಕ ತೆರದೇ ಇಲ್ಲ."

"ತೆರದು ನೋಡಿದ್ದು ಸರಿ, ತೆರೀಲಾರದ್ದು ತಪ್ಪು. ಹಂಗ್ಯಾಕ ಬೇ?" ನನಗೆ ತಿಳಿಯದ್ದಕ್ಕೇ ಕೇಳಿದೆ.

ಅವಳು ಪತ್ರಿಕೆ ಮತ್ತೆ ತೆರೆದಳು. ಕೊಲೆಗೆ ಶಿಕ್ಷೆ ಹೇಳುವ ಕಲಂ ಯಾವುದು ಎಂಬುದಕ್ಕೆ 302 ಎಂದು ಬರೆದಿದ್ದಳು. ನನ್ನ ಹಾಳೆಯಲ್ಲಿ 103 ಇತ್ತು. ಕಳವಿನದೂ ಹಾಗೇ, ಮೋಸದ್ದೂ ಹಾಗೇ. ನನ್ನ ಹಾಳೆಯನ್ನು ಪತ್ರಿಕೆಯ ಪಕ್ಕ ಇಟ್ಟು ನೋಡಿದವಳು ಒಮ್ಮೆಲೇ ನಕ್ಕಳು. ಕಣ್ಣು ಮಾತ್ರ ಒದ್ದೆಯಾಗಿದ್ದವು.

ಆಮೇಲೆ ಬಿಡಿಸಿ ಹೇಳಿದಳು. ಈಚೆಗೆ ಕಾನೂನು ಬದಲಾಗಿ ಕಲಮುಗಳ ನಂಬರು ಬೇರೆಯಾಗಿವೆ. ಆದರೆ ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಇಂದಿಗೂ ಹಳೆಯ ಕಾನೂನೇ. ಮಸೂದ ವಕೀಲರು ಅವಳಿಗೆ ಒಪ್ಪಿಸಿದ್ದೆಲ್ಲ ಹಳೆಯ ಕೇಸುಗಳು. ದಿನವಿಡೀ ಹಳೆಯ ನಂಬರು ಆಡಿದ ಬಾಯಿ ಪರೀಕ್ಷೆಯಲ್ಲೂ ಅದನ್ನೇ ಆಡಿತ್ತು.

"ನಾ ಇನ್ನೂ ಬಸ್ಸಿನ್ಯಾಗ ಗುಲ್ಬರ್ಗಾಕ್ಕ ಒಂದು ಫ್ರೀ ಟಿಕೀಟ್ ಕೊಡ್ರಿ ಅಂತೀನಲ್ಲ, ಹಂಗ ಆತು" ಎಂದೆ.

"ಕಂಡಕ್ಟರ್ ತಿಳ್ಕೊಂಡು ಕಲಬುರಗಿದು ಕೊಡ್ತಾನವ್ವಾ. ಪರೀಕ್ಷೆದವ್ರು ತಿಳ್ಕೊಳ್ಳಂಗಿಲ್ಲ."

ಗೊತ್ತಿದೆ ಎನಿಸಿದ ಪ್ರಶ್ನೆಗೇ ಮೊದಲು ಪುಸ್ತಕ ತೆರೆಯಬೇಕೆಂದು ಅಂದು ಅವಳು ನೇಮ ಮಾಡಿಕೊಂಡಳು. ನಾನೂ ನೀರು ಸೇದುವಾಗ, ಬಟ್ಟೆ ಹಿಂಡುವಾಗ ಅವಳಿಗೆ ಕಲಮುಗಳ ಪ್ರಶ್ನೆ ಕೇಳುತ್ತಿದ್ದೆ. ಮೊದಮೊದಲು ಹಳೆಯ ನಂಬರೇ ಬಾಯಿಗೆ ಬಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಪರೀಕ್ಷೆಯ ಮುಂಜಾನೆ ಅವಳ ಜಡೆ ಹೆಣೆಯುತ್ತಾ ಕಡೆಯದೊಂದು ಕೇಳಿದೆ. "ನಮ್ಮ ಆಡು ಯಾರೋ ಕದ್ದಾರ ಅನ್ನು. ಯಾವ ಕಲಂ ಹತ್ತತದ?"

ಈ ಸಲ ನಂಬರು ಥಟ್ಟನೆ ಬರಲಿಲ್ಲ. ಅವಳು ಕತ್ತು ಹೊರಳಿಸಿ ನನ್ನ ಮುಖ ನೋಡಿದಳು.

"ಯಾವಾಗ ಕದ್ದಾರ? ಮೊದ್ಲ ಅದನ್ನ ಹೇಳು."

ನಾನು ಜಡೆಗೆ ರಿಬ್ಬನ್ ಕಟ್ಟಿದೆ. ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಚೀಲದ ತಳಕ್ಕಿಟ್ಟು, ಹೊಸ ಕಾನೂನಿನ ಪುಸ್ತಕವನ್ನು ಕೈಗೆ ಮೊದಲು ಸಿಗುವ ಹಾಗೆ ಮೇಲಿಟ್ಟೆ.