ತೊಂಬತ್ತೊಂಬತ್ತು ನಿಮಿಷ

ವರ್ಷಕ್ಕೊಮ್ಮೆ, ಏಪ್ರಿಲ್ ಮುಗಿಯುವ ಹೊತ್ತಿಗೆ, ಅಶ್ವತ್ಥನಾರಾಯಣರಿಗೆ ಸಂಸ್ಥೆಯನ್ನು ಹೊಗಳುವ ಕೆಲಸ ಬೀಳುತ್ತಿತ್ತು. ವಾರ್ಷಿಕ ವರದಿಯ ಮೊದಲ ನಾಲ್ಕು ಪುಟ, ‘ಈ ಸಾಲಿನ ಚಟುವಟಿಕೆಗಳು ಮತ್ತು ಸಾಧನೆಗಳು’, ಅವರ ಪಾಲಿನದು. ದಿಲ್ಲಿಯ ವಸಂತ್ ಕುಂಜ್ ಪಕ್ಕದ ಆ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರು ಇಪ್ಪತ್ತಾರು ಜನ ಇದ್ದರು. ಹೇಳಿದ ದಿನಕ್ಕೆ ನಾಲ್ಕು ಪುಟ ಬರೆದುಕೊಡಬಲ್ಲವರು ಮಾತ್ರ ಡಾಕ್ಟರೇಟ್ ಇಲ್ಲದ ಇವರೊಬ್ಬರೇ.

ಹೊಗಳುವುದರಲ್ಲಿ ಅವರ ಕೈ ಪಳಗಿತ್ತು. ಆರು ಜನ ಬಂದಿದ್ದ ವಿಚಾರ ಸಂಕಿರಣವನ್ನು ಅವರು ‘ಆಯ್ದ ತಜ್ಞರ ಸಮಾಲೋಚನೆ’ ಎಂದು ಬರೆಯುತ್ತಿದ್ದರು. ಮುಗಿಯುವ ಲಕ್ಷಣವೇ ಇಲ್ಲದ ಅಧ್ಯಯನ ‘ಎರಡನೆಯ ಹಂತವನ್ನು ಪ್ರವೇಶಿಸುತ್ತಿತ್ತು’. ಒಂದು ಬೇಸಿಗೆಯಲ್ಲಿ ಸಭಾಂಗಣದ ಏಸಿ ಕೆಟ್ಟು, ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಬೆವರುತ್ತ ನಡೆಸಿದ ಸಭೆ ವರದಿಯಲ್ಲಿ ‘ಮುಕ್ತ ಸಂವಾದ’ವಾಯಿತು. ಅದನ್ನು ಓದಿದ ನಿರ್ದೇಶಕರು ಮುಂದಿನ ವರ್ಷವೂ ಒಂದು ಮುಕ್ತ ಸಂವಾದ ಇರಲಿ ಎಂದು ಅಪ್ಪಣೆ ಮಾಡಿದ್ದರು.

ಇದೆಲ್ಲ ಪಕ್ಕದ ಕೆಲಸ. ಅವರಿಗೆ ಸಂಬಳ ಬರುತ್ತಿದ್ದದ್ದು ಕೋಡಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದುದಕ್ಕೆ. ಸಮೀಕ್ಷೆಯವರು ಮನೆಮನೆ ತಿರುಗಿ ತುಂಬಿ ತಂದ ಫಾರಂಗಳಲ್ಲಿ ಜನರ ಮಾತು ಇರುತ್ತಿತ್ತು. ಆ ಮಾತನ್ನು ಅಂಕಿ ಮಾಡಿ, ಅಂಚಿನ ಪುಟ್ಟ ಚೌಕಗಳಲ್ಲಿ ಕೂರಿಸುವುದು ಕೋಡಿಂಗ್. ಹೌದು ಎಂದರೆ 1, ಇಲ್ಲ ಎಂದರೆ 2. ಎರಡು ಚೌಕ ಇರುವ ಕಡೆ ಉತ್ತರವೇ ಸಿಕ್ಕಿರದಿದ್ದರೆ 99. ಮೂವತ್ತೊಂದು ವರ್ಷದಲ್ಲಿ ಇಡೀ ದಿಲ್ಲಿಯ ಊಟ, ಉಡುಗೆ, ಮದುವೆ, ಕಾಯಿಲೆಗಳೆಲ್ಲ ಅವರ ಮೇಜಿನ ಮೇಲೆ ಚೌಕಗಳಾಗಿ ಹಾದುಹೋಗಿದ್ದವು. ಆ ದಿಲ್ಲಿಯೊಳಗೆ ಮಾತ್ರ ಅವರು ಹೆಚ್ಚು ತಿರುಗಿದವರಲ್ಲ. ಜನಕಪುರಿಯಿಂದ ಚಾರ್ಟರ್ಡ್ ಬಸ್ಸಿನಲ್ಲಿ ಬರುತ್ತಿದ್ದರು, ಅದರಲ್ಲೇ ಹೋಗುತ್ತಿದ್ದರು. ಈ ವರ್ಷ, ಎಂದರೆ 2006ರ ನವೆಂಬರಿಗೆ, ನಿವೃತ್ತಿ.

ಆ ಸಾಲಿನ ದೊಡ್ಡ ಸಾಧನೆ ಯಾವುದೆಂದು ಹುಡುಕಬೇಕಾಗಿಯೇ ಇರಲಿಲ್ಲ. ಅದು ನಿಶಿತಾಳ ನೀರಿನ ಅಧ್ಯಯನ. ನಿಶಿತಾ ಕೊಡಗಿನ ನಿವೃತ್ತ ಕರ್ನಲ್ ಬಿದ್ದಪ್ಪನವರ ಮಗಳು, ದಿಲ್ಲಿಯಲ್ಲೇ ಬೆಳೆದವಳು. ಎರಡು ವರ್ಷದಿಂದ ಗುತ್ತಿಗೆಯ ಮೇಲೆ ಸಂಸ್ಥೆಯಲ್ಲಿದ್ದಳು. ಹಿಂದಿನ ಬೇಸಿಗೆಯಲ್ಲಿ ನಗರದಂಚಿನ ಒಂದು ಬಡವರ ಬಸ್ತಿಯ ಆರುನೂರ ನಲವತ್ತು ಮನೆಗಳಲ್ಲಿ ಹೆಂಗಸರಿಗೆ ನೀರು ತರಲು ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿಸಿದ್ದಳು. ಸರಾಸರಿ ಐವತ್ತೇಳು ನಿಮಿಷ. ಆ ಐವತ್ತೇಳು ಮೂರು ಪತ್ರಿಕೆಗಳಲ್ಲಿ ಬಂತು, ಟೀವಿಯಲ್ಲಿ ಬಂತು, ವಿದೇಶದ ಒಂದು ಸಮ್ಮೇಳನಕ್ಕೂ ಹೋಗಿ ಬಂತು. ಅದರ ಬಲದ ಮೇಲೆ ಅವಳ ನೌಕರಿ ಕಾಯಂ ಆಗುವುದಿತ್ತು. ಸಂದರ್ಶನ ಮುಂದಿನ ಸೋಮವಾರ. ಹುದ್ದೆ ಒಂದೇ, ಅಭ್ಯರ್ಥಿಗಳು ಇಬ್ಬರು. ಇನ್ನೊಬ್ಬನ ಸಾಧನೆಗಳನ್ನೂ ಬರೆಯುತ್ತಿದ್ದವರು ಅಶ್ವತ್ಥನಾರಾಯಣರೇ ಆದ್ದರಿಂದ, ಹುದ್ದೆ ಯಾರದೆಂದು ಅವರಿಗೆ ಅನುಮಾನವಿರಲಿಲ್ಲ.

ಅವರಿಗೊಂದು ಚಾಳಿ ಇತ್ತು. ಯಾವ ಸರಾಸರಿಯನ್ನು ಬರೆಯುವ ಮೊದಲೂ ಅದರ ಹಿಂದಿನ ಪಟ್ಟಿಯನ್ನು, ಎಷ್ಟು ಮನೆಯವರು ಯಾವ ಉತ್ತರ ಕೊಟ್ಟರೆಂಬ ಉದ್ದನೆಯ ಕಾಗದವನ್ನು, ಒಮ್ಮೆ ಬಿಡಿಸಿ ನೋಡುವುದು. ಬುಧವಾರ ಮಧ್ಯಾಹ್ನ ಮೊಸರನ್ನದ ಡಬ್ಬಿ ತೊಳೆದಿಟ್ಟು ಬಂದು ಬಿಡಿಸಿದರು. ಹದಿನೈದು ನಿಮಿಷ, ಇಷ್ಟು ಮನೆ. ಅರ್ಧ ಗಂಟೆ, ಇಷ್ಟು ಮನೆ. ನಲವತ್ತೈದು, ಒಂದು ಗಂಟೆ. ಜನ ಹೊತ್ತನ್ನು ಹೇಳುವುದೇ ಹಾಗೆ, ಕಾಲು, ಅರ್ಧ, ಮುಕ್ಕಾಲು. ಪಟ್ಟಿಯ ಕೊನೆಯ ಸಾಲಿನಲ್ಲಿ ತೊಂಬತ್ತೊಂಬತ್ತು ನಿಮಿಷ ಎಂದಿತ್ತು. ಅದರ ಮುಂದೆ ಇನ್ನೂರ ಹನ್ನೆರಡು ಮನೆ.

ಯಾವ ಹೆಂಗಸು ತಾನೇ ತೊಂಬತ್ತೊಂಬತ್ತು ನಿಮಿಷ ಹಿಡಿಯುತ್ತದೆ ಎನ್ನುತ್ತಾಳೆ? ಅವು ನಿಮಿಷಗಳಲ್ಲ. ಅವು ಉತ್ತರ ಸಿಗದ ಮನೆಗಳು. ಹಳೆಯ ದೊಡ್ಡ ಕಂಪ್ಯೂಟರಿನ ಕಾಲದಲ್ಲಿ 99 ಬಂದರೆ ಲೆಕ್ಕಕ್ಕೆ ಸೇರಿಸದೆ ದಾಟಿಹೋಗುವಂತೆ ಮೊದಲೇ ಹೇಳಿಡಲಾಗಿತ್ತು. ಈಗಿನ ಮೇಜಿನ ಕಂಪ್ಯೂಟರಿಗೆ ಪ್ರತಿ ಸಲವೂ ಹೇಳಬೇಕು. 99 ಎಂದರೇನೆಂದು ಸಂಸ್ಥೆಯಲ್ಲಿ ಎಲ್ಲರಿಗೂ ಗೊತ್ತು ಎಂದು ಯಾರೂ ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಬಂದ ಹುಡುಗಿಗೆ ಹೇಳುವವರೂ ಇರಲಿಲ್ಲ. ಕಡತವನ್ನು ಅವಳ ಕೈಗೆ ಕೊಟ್ಟು ‘ಎಲ್ಲಾ ಸರಿಯಾಗಿದೆ’ ಎಂದಿದ್ದವರು ತಾವೇ ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಆ ಪ್ರಶ್ನೆಗೆ ಎರಡೇ ಚೌಕ ಸಾಕು ಎಂದವರೂ ಅವರೇ. ನೀರು ತರುವುದಕ್ಕೆ ಮೂರಂಕಿಯ ನಿಮಿಷ ಯಾರಿಗೆ ಬೇಕು ಎಂದು ಆಗ ನಕ್ಕಿದ್ದರು.

ಇನ್ನೂರ ಹನ್ನೆರಡನ್ನು ತೆಗೆದು ಕೂಡಿ ಭಾಗಿಸಿದರು. ಮೂವತ್ತಾರು ನಿಮಿಷ ಬಂತು.

ಇಂಥ ಹೊತ್ತಿಗೆಂದೇ ಅವರ ಬಳಿ ಒಳ್ಳೊಳ್ಳೆಯ ಮಾತುಗಳಿದ್ದವು. ‘ಗಮನಾರ್ಹ ಸಮಯ ವ್ಯಯವಾಗುವುದನ್ನು ಅಧ್ಯಯನ ಗುರುತಿಸಿದೆ’ ಎಂದು ಬರೆದರೆ ಮುಗಿಯಿತು. ಸುಳ್ಳೂ ಅಲ್ಲ, ಸಂಖ್ಯೆಯೂ ಇಲ್ಲ. ಸೋಮವಾರ ಹುಡುಗಿಯ ನೌಕರಿ ಕಾಯಂ ಆಗುತ್ತದೆ, ನವೆಂಬರಿನಲ್ಲಿ ತಮಗೊಂದು ಶಾಲು ಹಾಕುತ್ತಾರೆ, ಪಟ್ಟಿ ಗೋದಾಮಿಗೆ ಹೋಗುತ್ತದೆ. ಆ ವಾಕ್ಯವನ್ನು ಬರೆದೂಬಿಟ್ಟರು. ಬಸ್ಸಿನಲ್ಲಿ ಜನಕಪುರಿಯವರೆಗೂ ಅದನ್ನೇ ಮನಸ್ಸಿನಲ್ಲಿ ಓದಿಕೊಂಡರು. ಲಕ್ಷಣವಾದ ವಾಕ್ಯ. ಮನೆಯಲ್ಲಿ ಹೆಂಡತಿ ಸರಳಾ, “ಯಾಕ್ರೀ, ಸಾರಿಗೆ ಉಪ್ಪು ಕಮ್ಮಿ ಆಗಿದ್ರೂ ಸುಮ್ನೆ ತಿಂತಿದೀರಲ್ಲ?” ಎಂದಾಗಲೇ ಉಪ್ಪಿಲ್ಲದ್ದು ಅವರಿಗೆ ಗೊತ್ತಾದದ್ದು.

ಮರುದಿನ ಬೆಳಿಗ್ಗೆ ಪಟ್ಟಿಯನ್ನು ನಿಶಿತಾಳ ಮೇಜಿನ ಮೇಲೆ ಹರಡಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅವಳಿಗೆ ಅರ್ಥವಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

“ಓ ಗಾಡ್. ಇದು ಮಿಸ್ಸಿಂಗ್ ಕೋಡಾ, ಅಂಕಲ್?”

“ಹೂಂ ಅಮ್ಮಾ. ತಪ್ಪು ನಂದು. ನಾನು ಹೇಳ್ಬೇಕಿತ್ತು.”

“ನಾನೂ ಕೇಳ್ಬೇಕಿತ್ತಲ್ಲ.” ತಗ್ಗಿದ ದನಿಯಲ್ಲಿ ಕೇಳಿದಳು. “ಇದು ಯಾರಿಗೆಲ್ಲ ಗೊತ್ತು?”

“ನಿನ್ನೆ ನನಗೊಬ್ಬನಿಗೆ. ಇವತ್ತು ನಿಮಗೂ.”

ಅವಳು ಕಿಟಕಿಯ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಅವರಿಗೆ ಗೊತ್ತಿತ್ತು. ಹಿಂದಿನ ದಿನ ಬಸ್ಸಿನಲ್ಲಿ ತಾವೂ ಹಾಗೆಯೇ ಕೂತಿದ್ದರು. ಅವಳಿಗಾಗಿ ಬರೆದಿಟ್ಟ ವಾಕ್ಯ ಅಂಗಿಯ ಜೇಬಿನಲ್ಲಿತ್ತು. ಕೇಳಿದರೆ ಕೊಡುವುದೆಂದು ತಂದಿದ್ದರು. ಅವಳು ಕೇಳಲಿಲ್ಲ. “ಚಲೋ, ಫಾರಂ ನೋಡೋಣ,” ಎಂದು ಎದ್ದಳು.

ಗೋದಾಮಿನಲ್ಲಿ ಕಟ್ಟು ಬಿಚ್ಚಿ ಇನ್ನೂರ ಹನ್ನೆರಡು ಫಾರಂಗಳನ್ನೂ ಹೊರಗೆ ತೆಗೆದರು. ಚೌಕದಲ್ಲಿ 99 ಎಂದು ಬರೆದದ್ದು ಇವರ ವಿಭಾಗದವರು. ಅದರ ಕೆಳಗೆ ‘ಷರಾ’ ಎಂಬ ಸಾಲಿನಲ್ಲಿ ಸಮೀಕ್ಷೆಯವರು ಹಿಂದಿಯಲ್ಲಿ ಏನೇನೋ ಗೀಚಿದ್ದರು. ಷರಾ ಸಾಲಿಗೆ ಚೌಕ ಇರಲಿಲ್ಲವಾದ್ದರಿಂದ ಅಶ್ವತ್ಥನಾರಾಯಣರು ಮೂವತ್ತೊಂದು ವರ್ಷದಲ್ಲಿ ಅದನ್ನು ಓದಿದವರಲ್ಲ. ಈಗ ಓದಿದರು. ‘ಬೆಳಿಗ್ಗೆ ಏಳೂವರೆ. ಮನೆಯಲ್ಲಿ ಮಕ್ಕಳು ಮಾತ್ರ. ಪಾನೀ ಲೇನೇ ಗಯೀ ಹೈ.’ ನೀರು ತರಲು ಹೋಗಿದ್ದಾಳೆ. ಮುಂದಿನದು, ‘ಎರಡು ಸಲ ಹೋದೆ, ಟ್ಯಾಂಕರ್ ಹತ್ತಿರ ಇದ್ದಾಳಂತೆ.’ ಅದರ ಮುಂದಿನದರಲ್ಲೂ ಅದೇ. ನೂರ ತೊಂಬತ್ತರ ತನಕ ಎಣಿಸಿ ನಿಶಿತಾ ಎಣಿಸುವುದನ್ನು ನಿಲ್ಲಿಸಿದಳು.

“ಹಾಗಾದ್ರೆ ಐವತ್ತೇಳೂ ತಪ್ಪು, ಮೂವತ್ತಾರೂ ತಪ್ಪು,” ಎಂದಳು. “ಕ್ಯೂ ಸಣ್ಣದಿದ್ದೋರು ಮನೇಲಿ ಸಿಕ್ಕಿದಾರೆ. ದೊಡ್ಡದಿದ್ದೋರು ಸಿಕ್ಕಿಲ್ಲ. ನಮಗೆ ಏನೂ ಗೊತ್ತಿಲ್ಲ, ಅಂಕಲ್.”

ಸೋಮವಾರದ ಸಮಿತಿಯ ಮುಂದೆ ಅವಳು ಹೇಳಿದ್ದೂ ಅದನ್ನೇ. ಅಶ್ವತ್ಥನಾರಾಯಣರು ಅದಕ್ಕೂ ಮೊದಲೇ, ತಪ್ಪಿನ ಮೂಲ ಕೋಡಿಂಗ್ ವಿಭಾಗವೆಂದು ಅರ್ಧ ಪುಟ ಬರೆದು ಸಹಿ ಹಾಕಿ ನಿರ್ದೇಶಕರಿಗೆ ಕೊಟ್ಟಿದ್ದರು. ಅದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯದು. ಸಮಿತಿಯವರು ಸಭ್ಯರು. ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು ಎಂದರು. ಹಾಗಾದರೆ ಸರಿಯಾದ ಸಂಖ್ಯೆ ಎಷ್ಟು ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎಂಬ ಉತ್ತರಕ್ಕೆ ಆ ಸಂಸ್ಥೆಯಲ್ಲಿ ಒಂದೇ ಜಾಗವಿತ್ತು, 99ರ ಚೌಕ. ಸಂಜೆಯ ಹೊತ್ತಿಗೆ ಹುದ್ದೆ ಇನ್ನೊಬ್ಬನದಾಯಿತು.

ಅಶ್ವತ್ಥನಾರಾಯಣರಿಗೆ ಸಿಟ್ಟು ಬಂತು. ಸಮಿತಿಯ ಮೇಲೆ ಅರ್ಧ, ತಮ್ಮ ಮೇಲೆ ಅರ್ಧ. ಬುಧವಾರವೇ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಹುಡುಗಿ ಬಚಾವಾಗುತ್ತಿದ್ದಳಲ್ಲ ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಸಾಧನೆಗಳ ಪುಟದಿಂದ ನೀರಿನ ಅಧ್ಯಯನವನ್ನು ತೆಗೆಯಿರಿ ಎಂದು ನಿರ್ದೇಶಕರು ಹೇಳಿಕಳಿಸಿದರು. ಇವರು ತೆಗೆಯಲಿಲ್ಲ. ‘ನೀರಿನ ಅಧ್ಯಯನದ ಸಂಖ್ಯೆ ತಪ್ಪಾಗಿತ್ತು. ಉತ್ತರ ಸಿಗದ ಇನ್ನೂರ ಹನ್ನೆರಡು ಮನೆಗಳಿಗೆ ಮತ್ತೆ ಹೋಗಲಾಗುತ್ತಿದೆ’ ಎಂದು, ಒಂದೂ ಒಳ್ಳೆಯ ಮಾತು ಸೇರಿಸದೆ ಬರೆದು ಕೊಟ್ಟರು. ನಿರ್ದೇಶಕರು ಇವರನ್ನು ಕರೆಸಿ, ಕನ್ನಡಕ ತೆಗೆದು ನೋಡಿದರು.

“ಮತ್ತೆ ಹೋಗುವವರು ಯಾರು? ನನ್ನ ಹತ್ತಿರ ಜನ ಇಲ್ಲ.”

“ನಾನು ಹೋಗ್ತೀನಿ, ಸರ್. ರಜೆ ಬಹಳ ಉಳಿದಿದೆ.”

ನಿವೃತ್ತಿಗೆ ಆರು ತಿಂಗಳಿರುವವನ ಜೊತೆ ವಾದ ಮಾಡಿ ಫಲವೇನು ಎಂದುಕೊಂಡರೋ ಏನೋ, ನಿರ್ದೇಶಕರು ಆ ಎರಡು ವಾಕ್ಯಕ್ಕೆ ಸಹಿ ಹಾಕಿದರು. ನಿಶಿತಾಳ ಗುತ್ತಿಗೆ ಜೂನ್ ಕೊನೆಯವರೆಗೆ ಇತ್ತು.

ಮೇ ಮೂರನೆಯ ವಾರ, ಬೆಳಿಗ್ಗೆ ಆರಕ್ಕೆಲ್ಲ, ಇಬ್ಬರೂ ಆಟೋದಿಂದ ಬಸ್ತಿಯ ಮುಂದೆ ಇಳಿದರು. ಹಳೆಯ ಫಾರಂ ಇನ್ನಷ್ಟು ಉಳಿದಿದ್ದವು, ಅವನ್ನೇ ಹಲಗೆಗೆ ಸಿಕ್ಕಿಸಿಕೊಂಡು ಬಂದಿದ್ದರು. ಮನೆಗಳ ಕಡೆ ಹೋಗಲಿಲ್ಲ. ನೇರವಾಗಿ ಟ್ಯಾಂಕರ್ ನಿಲ್ಲುವ ತಿರುವಿಗೆ ಹೋದರು. ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಪ್ಲಾಸ್ಟಿಕ್ ಡಬ್ಬ, ಬಕೆಟ್‌ಗಳ ಸಾಲು ರಸ್ತೆಯುದ್ದಕ್ಕೂ ಇತ್ತು, ಅದರ ಪಕ್ಕದಲ್ಲಿ ಹೆಂಗಸರು ಕೂತಿದ್ದರು. ತಾವು ಇಷ್ಟು ವರ್ಷ 99 ಎಂದು ಬರೆಸಿದವರ ಮುಖಗಳನ್ನು ಅಶ್ವತ್ಥನಾರಾಯಣರು ಅಂದು ಮೊದಲ ಸಲ ನೋಡಿದರು.

ಇನ್ನೂರ ಹನ್ನೆರಡು ಮನೆಗಳ ಪಟ್ಟಿಯಲ್ಲಿದ್ದ ಮೊದಲ ಹೆಸರಿನವಳು ಸಿಕ್ಕಳು. ಮೂವತ್ತರ ಆಸುಪಾಸಿನ, ಹಳದಿ ದುಪಟ್ಟಾದ ಹೆಂಗಸು. ಕಳೆದ ವರ್ಷವೂ ಸಮೀಕ್ಷೆಯವರು ಬಂದಿದ್ದರು, ನೀವು ಸಿಗಲಿಲ್ಲ ಎಂದು ಅವರು ತಮ್ಮ ಕಚೇರಿಯ ಹಿಂದಿಯಲ್ಲಿ ಹೇಳಿದರು.

“ಇಲ್ಲೇ ಇದ್ದೆನಲ್ಲ ಭಾಯೀಸಾಬ್,” ಎಂದಳು ಅವಳು. “ಇಲ್ಲಿಗೆ ಬಂದು ಯಾರೂ ಕೇಳಲಿಲ್ಲ.”

ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರು. ಅವಳು ಬೆರಳು ಮಡಚಿದಳು. ಐದಕ್ಕೆ ಡಬ್ಬ ಇಡಬೇಕು. ಟ್ಯಾಂಕರ್ ಏಳಕ್ಕೆ ಬಂದರೆ ಅದೃಷ್ಟ. ತುಂಬಿಸಿಕೊಂಡು ಮನೆ ಮುಟ್ಟಿದಾಗ ಏಳೂವರೆ. ಎರಡೂವರೆ ಗಂಟೆ, ಬರೆದುಕೊಳ್ಳಿ.

ನೂರೈವತ್ತು. ಅಶ್ವತ್ಥನಾರಾಯಣರು ಪೆನ್ನು ಹಿಡಿದು ಫಾರಂ ನೋಡಿದರು. ಚೌಕ ಎರಡೇ ಇದ್ದವು. ಮೊದಲ ಚೌಕದಲ್ಲಿ ಒಂದು ಬರೆದರು, ಎರಡನೆಯದರಲ್ಲಿ ಐದು. ಆಮೇಲೆ ಕೈ ನಿಂತಿತು. ನಿಶಿತಾ ಪಕ್ಕದಿಂದ ಬಗ್ಗಿ ನೋಡಿದಳು.

“ತೊಂಬತ್ತೊಂಬತ್ತೇ ಕಮ್ಮಿ ಆಗಿತ್ತಲ್ಲ, ಅಂಕಲ್,” ಎಂದಳು ಮೆಲ್ಲಗೆ.

ಹೆಂಗಸು ಇವರಿಬ್ಬರನ್ನೂ ಒಮ್ಮೆ ನೋಡಿ, “ಯಾಕೆ, ತಪ್ಪು ಹೇಳಿದೆನಾ?” ಎಂದು ಕೇಳಿದಳು.

“ಇಲ್ಲ ತಾಯೀ, ನೀವು ಸರಿಯಾಗೇ ಹೇಳಿದ್ರಿ,” ಎಂದರು ಅಶ್ವತ್ಥನಾರಾಯಣರು. ಅವಳಿಗೆ ಕನ್ನಡ ಬಾರದೆಂಬುದು ಆಗ ಅವರಿಗೆ ನೆನಪಾಗಲಿಲ್ಲ. ಸೊನ್ನೆಯನ್ನು ಗೆರೆಯ ಹೊರಗೆ, ಖಾಲಿ ಅಂಚಿನಲ್ಲಿ ದೊಡ್ಡದಾಗಿ ಬರೆದು, ಸಾಲಿನಲ್ಲಿ ಅವಳ ಹಿಂದೆ ಕೂತಿದ್ದವಳ ಹೆಸರು ಕೇಳಿದರು.